ಹತ್ತರಿಂದ ನಾಲ್ಕರ ಪಾಳಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಜಯಶೀಲನಿಗೆ ಸಂತೆಯ ಕಾಟವೇನೂ ಇರಲಿಲ್ಲ. ಹೇಮಾವತಿಯ ದಂಡೆ, ಸಾಲಾಗಿ ಹೆಂಚಿನ ಕೊಠಡಿಗಳು, ಒಂದು ಪ್ರಾರ್ಥನಾ ಮನೆ, ಒಂಬತ್ತಕ್ಕೆಲ್ಲ ದೀಪ ಆರಿಸಿ ಮಲಗುವ ಹನ್ನೆರಡು ಜನ. ಇಂಥ ಕಡೆ ಬಂದು ಎಂಟು ತಿಂಗಳಾದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅದೊಂದು ಕ್ರೈಸ್ತ ಆಶ್ರಮ. ಗುರುಗಳ ಹೆಸರು ದೇವಪ್ರಿಯ, ಎಲ್ಲರೂ ಕರೆಯುವುದು ಅಯ್ಯನವರು ಅಂತ. ಎಪ್ಪತ್ತೆಂಟು ವರ್ಷದ ಮುದುಕರು. ದಿಂಬಿಗೆ ತಲೆ ಇಟ್ಟರೆ ಆಮೆನ್ ಅನ್ನುವಷ್ಟರಲ್ಲಿ ಗೊರಕೆ. ಆ ಗೊರಕೆ ನಾಲ್ಕು ಕೊಠಡಿ ದಾಟಿ ಜಯಶೀಲನ ಕಿವಿಗೂ ಬೀಳುತ್ತಿತ್ತು. ಕೇಳಿ ಕೇಳಿ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಗುರುಗಳ ಮೇಲೆ ಹೊಟ್ಟೆಕಿಚ್ಚು ಪಡಬಾರದು, ನಿಜ. ಎರಡು ವರ್ಷ ನಿದ್ದೆಗೆಟ್ಟು ನೋಡಿ, ಆಮೇಲೆ ಹೇಳಿ.

ಈಸ್ಟರ್ ಹಬ್ಬಕ್ಕೆ ಮುಂಚಿನ ಶ್ರಮೆಯ ನಲವತ್ತು ದಿನ ಬಂತೆಂದರೆ ಆಶ್ರಮದಲ್ಲಿ ಸರಪಳಿ ಪ್ರಾರ್ಥನೆ. ಪ್ರಾರ್ಥನಾ ಮನೆಯ ದೀಪದ ಮುಂದೆ ಹಗಲೂ ರಾತ್ರಿ, ಗಂಟೆಗೊಬ್ಬರಂತೆ ಕೂರಬೇಕು. ಒಬ್ಬರು ಏಳುವ ಮೊದಲು ಇನ್ನೊಬ್ಬರು ಬಂದಿರಬೇಕು. ಯಾರ ಪಾಳಿ ಯಾವಾಗ ಅಂತ ಜಗಲಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತೆ.

ಹಗಲಿನ ಪಾಳಿಗೆ ಜನ ಮುಗಿಬೀಳುತ್ತಾರೆ. ರಾತ್ರಿ ಪಾಳಿ ಅಂದಕೂಡಲೆ ಎಲ್ಲರಿಗೂ ಸೊಂಟನೋವು.

ಆ ವರ್ಷ ಜಯಶೀಲ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡ. ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ತನ್ನ ಹೆಸರನ್ನೇ ಬರೆದ.

"ಆರು ಗಂಟೆನಾ? ಒಬ್ಬನೇನಾ?" ಅಂದರು ಯಾರೋ.

"ನನಗೇನೂ ಕಷ್ಟ ಇಲ್ಲ," ಅಂದ.

ಅದು ಸುಳ್ಳೂ ಅಲ್ಲ. ಹೇಗೂ ಚಾಪೆಯ ಮೇಲೆ ಹೊರಳಾಡಬೇಕು, ದೀಪದ ಮುಂದೆ ಕೂತರೆ ಏನು ಹೋಯ್ತು? ಆದರೆ ಆ ಮಾತನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ.

ಒಂದು ವಾರಕ್ಕೆ ಅವನಿಗೆ ಹೆಸರು ಬಂತು. "ನಮ್ಮ ಜಯಶೀಲನ ನೋಡಿ, ರಾತ್ರಿಯೆಲ್ಲ ಮೊಣಕಾಲ ಮೇಲೆ ಇರ್ತಾನೆ. ನಾವೂ ಇದ್ದೀವಿ, ಉಂಡು ಮಲಗೋಕೆ." ನಿದ್ದೆ ಬಾರದವನನ್ನು ಜನ ಭಕ್ತ ಮಾಡಿಬಿಟ್ಟರು. ಬೇಡ ಅನ್ನಲು ಅವನಿಗೂ ಮನಸ್ಸಾಗಲಿಲ್ಲ. ಯಾರಿಗಾಗುತ್ತೆ ಹೇಳಿ?

ಹಗಲು ಮಾತ್ರ ಭಕ್ತರ ಬಂಡವಾಳ ಬಯಲಾಗುತ್ತಿತ್ತು. ಕಳೆ ಕೀಳು ಅಂದರೆ ಹುರುಳಿಕಾಯಿ ಸಸಿ ಕಿತ್ತು ಗುಡ್ಡೆ ಹಾಕಿದ. ಸಾರಿಗೆ ಎರಡೆರಡು ಸಲ ಉಪ್ಪು ಸುರಿದ. ಊಟದ ಮುಂಚಿನ ಸ್ತೋತ್ರ ಅರ್ಧದಲ್ಲಿರುವಾಗ ಗಟ್ಟಿಯಾಗಿ ಆಮೆನ್ ಅಂದು ಎಲೆಗೆ ಕೈ ಹಾಕಿದ. ಎಲ್ಲರೂ ನಕ್ಕರು. "ಪಾಪ, ರಾತ್ರಿಯೆಲ್ಲ ಪ್ರಾರ್ಥನೆ," ಅಂದು ಸುಮ್ಮನಾದರು.

ಹತ್ತನೇ ದಿನ ಮಧ್ಯಾಹ್ನ ನಗುವುದಕ್ಕೆ ಏನೂ ಉಳಿಯಲಿಲ್ಲ.

ಅಡುಗೆಮನೆಯ ಸಲೋಮಮ್ಮನೂ ಅವನೂ ಒಲೆಯ ಮೇಲಿಂದ ಗಂಜಿಯ ಪಾತ್ರೆ ಇಳಿಸುತ್ತಿದ್ದರು. ಸಲೋಮಮ್ಮ ಅರವತ್ತು ದಾಟಿದ ಹೆಂಗಸು, ಮೂವತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವರು. ಆಕಡೆ ಹಿಡಿ ಅವರ ಕೈಯಲ್ಲಿ, ಈಕಡೆ ಹಿಡಿ ಇವನ ಕೈಯಲ್ಲಿ. ನಡುವೆ ಅರೆಕ್ಷಣ ಜಯಶೀಲನ ಕಣ್ಣು ಮುಚ್ಚಿತು. ಹಿಡಿ ಜಾರಿತು. ಕುದಿಯುವ ಗಂಜಿ ಸಲೋಮಮ್ಮನ ಬಲಗಾಲಿನ ಮೇಲೆ ಚೆಲ್ಲಿತು.

ಅಯ್ಯನವರು ಓಡಿ ಬಂದು ತಣ್ಣೀರು ಹೊಯ್ದರು. ಆಟೋ ತರಿಸಿ ಆಸ್ಪತ್ರೆಗೆ ಕಳಿಸಿದರು. ಜಯಶೀಲ ಗೋಡೆಗೆ ಒರಗಿ ನಿಂತೇ ಇದ್ದ.

ಸಂಜೆ ಅವನಿಗೆ ಕರೆ ಬಂತು.

"ಬಾ, ಕೂತ್ಕೋ," ಅಂದರು ಅಯ್ಯನವರು. "ರಾತ್ರಿ ಹೊತ್ತು ಏನು ಮಾಡ್ತೀಯ?"

"ಪ್ರಾರ್ಥನೆ, ಅಯ್ಯನವರೇ."

"ಅದಕ್ಕೆ ಮುಂಚೆ? ಶ್ರಮೆಯ ದಿನ ಶುರುವಾಗೋಕೆ ಮುಂಚೆ ಏನು ಮಾಡ್ತಿದ್ದೆ?"

ಜಯಶೀಲ ತಲೆ ತಗ್ಗಿಸಿದ. "ಹೊರಳಾಡ್ತಿದ್ದೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ಬೆಳಗಿನ ಜಾವ ಸ್ವಲ್ಪ ಮಂಪರು ಬಂದ್ರೆ ಬಂತು."

"ಡಾಕ್ಟರ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಮಾತ್ರೆ ಕೊಟ್ರು. ಮೊದಲನೇ ದಿನವೇ ನಿದ್ದೆ ಹತ್ತೋ ಹಾಗಾಯ್ತು. ಹೆದರಿ ಎದ್ದು ಕೂತೆ. ಆಮೇಲೆ ತಗೊಳ್ಳಲಿಲ್ಲ."

ಅಯ್ಯನವರು ಅವನನ್ನೇ ನೋಡಿದರು. "ನಿದ್ದೆ ಬಂತು ಅಂತ ಹೆದರಿದ್ಯಾ?"

ತಾನು ಹೇಳಿದ್ದು ಜಯಶೀಲನಿಗೇ ವಿಚಿತ್ರವಾಗಿ ಕೇಳಿಸಿತು.

"ಹಾಗಾದ್ರೆ ನಿದ್ದೆ ಬರ್ತಿಲ್ಲ ಅನ್ಬೇಡ," ಅಂದರು ಅಯ್ಯನವರು. "ಬಂದಿದ್ದನ್ನ ನೀನೇ ಬಾಗಿಲಿಂದ ವಾಪಸ್ ಕಳಿಸ್ತಿದ್ದೀಯ."

ಎದ್ದು ಜಗಲಿಗೆ ಹೋದರು. ಕರಿಹಲಗೆಯ ಮೇಲೆ ರಾತ್ರಿಯ ಸಾಲನ್ನು ಅಂಗೈಯಲ್ಲಿ ಒರೆಸಿದರು. ಹೊಸದಾಗಿ ಬರೆದರು. 'ಹತ್ತರಿಂದ ನಾಲ್ಕು: ಜಯಶೀಲ. ನಿದ್ದೆ.'

ಜಯಶೀಲ ಎರಡು ಸಲ ಓದಿದ. "ಇದೇನು ಅಯ್ಯನವರೇ?"

"ನಿನ್ನ ಪಾಳಿ."

"ಪ್ರಾರ್ಥನೆಯ ಸರಪಳಿಯಲ್ಲಿ ನಿದ್ದೆನಾ?"

"ಹೂಂ. ನೀನು ನಿದ್ದೆ ಮಾಡದಿದ್ರೆ ಆ ಆರು ಗಂಟೆ ಸರಪಳಿ ಕಡೀತು ಅಂತ ಲೆಕ್ಕ."

"ಮತ್ತೆ ದೀಪದ ಮುಂದೆ ಯಾರು ಕೂರ್ತಾರೆ?"

"ಕರ್ತನು ಕೂರ್ತಾನೆ. ಅವನಿಗೆ ನಿದ್ದೆಯ ಅಭ್ಯಾಸ ಇಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಹೋಗುತ್ತಾ ಅಯ್ಯನವರು ತಿರುಗಿ ನಿಂತರು. "ಈಸ್ಟರಿಗೆ ನಿನಗೆ ದೀಕ್ಷೆ ಅಂತ ಮಾತಾಗಿತ್ತಲ್ಲ? ನಿದ್ದೆ ಮಾಡದವನಿಗೆ ನಾನು ದೀಕ್ಷೆ ಕೊಡಲ್ಲ."

ಜಯಶೀಲ ಅಲ್ಲೇ ನಿಂತು ಲೆಕ್ಕ ಹಾಕಿದ. ದೀಕ್ಷೆ ಇಲ್ಲ ಅಂದರೆ ಊರಿಗೆ ವಾಪಸ್ ಹೋಗಬೇಕು. ಊರಲ್ಲಿ ಅಪ್ಪನ ಹಿಟ್ಟಿನ ಗಿರಣಿಗೆ ಬೀಗ ಹಾಕಿ ಬಂದಿದ್ದ. ಆ ಬೀಗ ತೆಗೆದು ಒಳಗೆ ಕಾಲಿಡುವ ಧೈರ್ಯ ಅವನಿಗೆ ಇರಲಿಲ್ಲ.

ರಾತ್ರಿ ಹತ್ತಕ್ಕೆ ಸರಿಯಾಗಿ ಚಾಪೆಯ ಮೇಲೆ ಬಿದ್ದುಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿದ. ಹಲ್ಲು ಕಚ್ಚಿದ. ನಿದ್ದೆ ಮಾಡಲೇಬೇಕು ಅಂತ ಮುಷ್ಟಿ ಹಿಡಿದ. ಮುಷ್ಟಿ ಹಿಡಿದು ಯಾರಾದರೂ ನಿದ್ದೆ ಮಾಡಿದ್ದುಂಟೇ? ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಮೂರಕ್ಕೆ ಎದ್ದು ಹೊಳೆ ದಂಡೆಗೆ ಹೋಗಿ ಬಂದ.

ಬೆಳಗ್ಗೆ ಅಯ್ಯನವರು ಕೇಳಿದರು. "ನಿದ್ದೆ ಬಂತಾ?"

"ಬಂತು, ಅಯ್ಯನವರೇ."

"ಒಳ್ಳೇದು. ಮಲಗಿದವನ ಚಪ್ಪಲಿಗೆ ಹೊಳೆಯ ಕೆಸರು ಹೇಗೆ ಹತ್ತಿತು?"

ಜಯಶೀಲ ಕಾಲು ಹಿಂದಕ್ಕೆ ಎಳೆದುಕೊಂಡ. ಬೈಗುಳ ಬರುತ್ತೆ ಅಂತ ಕಾದ. ಬರಲಿಲ್ಲ. ಅಯ್ಯನವರು ಅವನ ಕೈಗೆ ಗುದ್ದಲಿ ಕೊಟ್ಟು ಬಾಳೆಗೆ ಗುಂಡಿ ತೋಡಲು ಕಳಿಸಿದರು.

ವಾರ ಕಳೆದು ಕುಂಟುತ್ತಲೇ ಅಡುಗೆಮನೆಗೆ ಬರತೊಡಗಿದ್ದ ಸಲೋಮಮ್ಮನಿಗೂ ಅಪ್ಪಣೆಯಾಗಿತ್ತು. ಮಧ್ಯಾಹ್ನದ ಮೇಲೆ ಜಯಶೀಲನಿಗೆ ಕಾಫಿ ಇಲ್ಲ.

"ದಿನಕ್ಕೆ ಆರು ಲೋಟ ಕುಡೀತಿದ್ದೆಯಲ್ಲಪ್ಪಾ," ಅಂದರು ಸಲೋಮಮ್ಮ. "ನಾನೇ ಕೊಡ್ತಿದ್ದೆ, ನನಗೂ ಬುದ್ಧಿ ಇಲ್ಲ. ಇನ್ಮೇಲೆ ಸಂಜೆ ಬಿಸಿ ಹಾಲು. ಮುಖ ಸಿಂಡರಿಸಬೇಡ."

"ನನ್ನ ಮೇಲೆ ನಿಮಗೆ ಕೋಪ ಇಲ್ವಾ, ಅಮ್ಮ?"

"ಕಾಲು ಉರೀತಾ ಇದ್ದಾಗ ಇತ್ತು. ಈಗ ಮುಲಾಮು ಹಚ್ಚಿದ್ದೀನಿ."

ಗುಂಡಿ ತೋಡಿದ, ಹಾಲು ಕುಡಿದ. ಮೈ ದಣಿಯಿತು. ಒಂದು ರಾತ್ರಿ ಒಂದು ಗಂಟೆ ನಿದ್ದೆ ಬಂತು. ಮರುರಾತ್ರಿ ಅದೂ ಇಲ್ಲ. ಹಗಲು ಜಗಲಿಗೆ ಬಂದರೆ ಕರಿಹಲಗೆ ಅವನನ್ನೇ ನೋಡಿದ ಹಾಗೆ ಆಗುತ್ತಿತ್ತು. ಜನರೂ ಗುಸುಗುಸು ಶುರುಮಾಡಿದ್ದರು. ಭಕ್ತ ಅಂದವರೇ ಈಗ "ಏನೋ ತಪ್ಪು ಮಾಡಿರ್ಬೇಕು" ಅನ್ನುತ್ತಿದ್ದರು.

ತಡೆಯಲಾರದೆ ಒಂದು ಸಂಜೆ ಗುರುಗಳ ಮುಂದೆ ನಿಂತ.

"ಅಯ್ಯನವರೇ, ನನಗೆ ತಲೆಬುಡ ಅರ್ಥವಾಗ್ತಿಲ್ಲ. ತಮ್ಮನ್ನ ಹಿಡಿಯೋಕೆ ಬಂದ ರಾತ್ರಿ ತೋಟದಲ್ಲಿ ಯೇಸುಸ್ವಾಮಿ ಶಿಷ್ಯರನ್ನ ಏನು ಕೇಳಿದ್ರು? ಒಂದು ಗಂಟೆ ಎಚ್ಚರವಾಗಿರೋಕೆ ನಿಮ್ಮ ಕೈಲಿ ಆಗಲಿಲ್ವಾ ಅಂತ ಕೇಳಿದ್ರು. ಮಲಗಿದ್ದಕ್ಕೆ ಬೈದ್ರು. ನೀವು ನೋಡಿದ್ರೆ ಮಲಗದಿದ್ದಕ್ಕೆ ಬೈತೀರಿ."

"ಬೈದ್ರು, ನಿಜ. ಕೊನೆಗೆ ಏನಂದ್ರು?"

ಜಯಶೀಲ ತಡವರಿಸಿದ. "ಕೊನೆಗೆ... ಇನ್ನು ಮಲಗಿ ದಣಿವಾರಿಸಿಕೊಳ್ಳಿ ಅಂದ್ರು."

"ಅದನ್ನ ಯಾಕೆ ನುಂಗಿಬಿಟ್ಟೆ?"

ಉತ್ತರಕ್ಕೆ ಕಾಯದೆ ಅಯ್ಯನವರೇ ಮುಂದುವರಿಸಿದರು.

"ಬಿರುಗಾಳಿ ಎದ್ದಾಗ ದೋಣಿಯಲ್ಲಿ ಮಲಗಿದ್ದು ಯಾರು?"

"ಸ್ವಾಮಿಯೇ."

"ದಿಂಬು ಬೇರೆ ಇತ್ತು. ದೋಣಿಗೆ ನೀರು ನುಗ್ತಾ ಇದೆ, ಮಲಗಿದ್ದಾರೆ. ತೋಟದಲ್ಲಿ ಎಲ್ಲರೂ ಮಲಗಿದ್ದಾರೆ, ಸ್ವಾಮಿ ಎಚ್ಚರ ಇದ್ದಾರೆ. ಯಾವಾಗ ಯಾವುದು ಅಂತ ಅವರಿಗೆ ಗೊತ್ತಿತ್ತು."

"ನನಗೆ ಹೇಗೆ ಗೊತ್ತಾಗ್ಬೇಕು?"

"ನಿನಗೆ ಗೊತ್ತಾಗಲ್ಲ. ಅದಕ್ಕೇ ಹಲಗೆ ಮೇಲೆ ಬರೆದಿದ್ದೀನಿ."

ಇದೊಳ್ಳೆ ಕಥೆಯಾಯಿತಲ್ಲ ಅಂದುಕೊಂಡು ಜಯಶೀಲ ಹೊರಟ. ಬಾಗಿಲ ಹತ್ತಿರ ನಿಂತು ಇನ್ನೊಂದು ಕೇಳಿದ. "ಎಷ್ಟು ಪ್ರಯತ್ನಪಟ್ಟರೂ ಬರದಿದ್ರೆ?"

"ಪ್ರಯತ್ನ ಬಿಡು. ಸುಮ್ಮನೆ ಬಿದ್ದುಕೋ. ಬಂದ್ರೆ ಬರಲಿ, ಬಾರದಿದ್ರೆ ಮೈಯಾದ್ರೂ ಮಲಗಿರಲಿ."

"ನೀವು ದಿಂಬಿಗೆ ತಲೆ ಇಟ್ಟ ತಕ್ಷಣ ಹೇಗೆ ಮಲಗ್ತೀರಿ?"

ಅಯ್ಯನವರು ಕೆನ್ನೆ ಕೆರೆದುಕೊಂಡರು. "ನಾನು ಒಂದು ಮಾತು ಹೇಳ್ತೀನಿ. ಕರ್ತನೇ, ನನ್ನ ಪಾಳಿ ಮುಗೀತು, ಇನ್ನು ನಿಂದು. ಅಷ್ಟೇ."

"ಅಷ್ಟೇನಾ?"

"ಅಷ್ಟು ಹೇಳೋಕೆ ನನಗೆ ನಲವತ್ತು ವರ್ಷ ಹಿಡೀತು. ಅಲ್ಲಿತನಕ ನನಗೂ ಗೊರಕೆ ಇರಲಿಲ್ಲ."

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಮೂರು ದಿನ ಮುಂಚೆ ಆಶ್ರಮದ ಕಂಬಳಿಗಳನ್ನೆಲ್ಲ ಹೊಳೆಗೆ ಒಯ್ದು ತೊಳೆಯುವುದು ಪದ್ಧತಿ. ಹಬ್ಬಕ್ಕೆ ಮುಂಚೆ ಎಲ್ಲರ ಹೊದಿಕೆಯೂ ಮಡಿಯಾಗಬೇಕು. ಸಲೋಮಮ್ಮ ದಂಡೆಯ ಕಲ್ಲಿನ ಮೇಲೆ ಕೂತು ಎಣಿಸಿದರು.

"ಹನ್ನೊಂದೇ ಇದೆಯಲ್ಲ. ಯಾರದ್ದು ಬಂದಿಲ್ಲ?"

"ನನ್ನದು," ಅಂದ ಜಯಶೀಲ. "ನಾನು ಹೊದೆಯಲ್ಲ."

"ಚಳಿಗಾಲದಲ್ಲೂನಾ?"

"ಹೊದೆಯಲ್ಲ, ಅಮ್ಮ."

ಮೊಣಕಾಲುದ್ದ ನೀರಲ್ಲಿ ನಿಂತು ಕಂಬಳಿ ಜಾಲಿಸುತ್ತಿದ್ದ ಅಯ್ಯನವರು ತಲೆ ಎತ್ತಿದರು. "ಬಾ ಇಲ್ಲಿ," ಅಂದರು.

ಜಯಶೀಲ ನೀರಿಗಿಳಿದ.

"ಯಾಕೆ ಹೊದೆಯಲ್ಲ?"

ಅವನು ನೀರನ್ನೇ ನೋಡಿದ. ಹೊಳೆ ಮೊಣಕಾಲು ಸವರಿಕೊಂಡು ಹೋಗುತ್ತಿತ್ತು. ಆಮೇಲೆ ಒಮ್ಮೆಲೇ ಹೇಳತೊಡಗಿದ. ಕಟ್ಟೆ ಒಡೆದ ಹಾಗೆ ಬಂತು.

"ಅಪ್ಪ ಆಸ್ಪತ್ರೆಯಲ್ಲಿದ್ರು. ಎದೆಯಲ್ಲಿ ನೀರು ತುಂಬಿತ್ತು. ಮೂರು ರಾತ್ರಿ ನಾನೇ ಕಾದೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ, ಅಯ್ಯನವರೇ. ನಾಲ್ಕನೇ ರಾತ್ರಿ ಅಪ್ಪ ಎಚ್ಚರ ಆದ್ರು. ಚಳಿ ಕಣೋ ಅಂದ್ರು. ಮನೆಯಿಂದ ತಂದಿದ್ದ ಕರಿ ಕಂಬಳಿ ಹೊದಿಸಿದೆ. ಸ್ಟೂಲ್ ಮೇಲೆ ಕೂತು ಮಂಚದ ಅಂಚಿಗೆ ತಲೆ ಇಟ್ಟೆ. ಒಂದು ನಿಮಿಷ ಅಂತ ಇಟ್ಟೆ, ಅಷ್ಟೇ."

"ಆಮೇಲೆ?"

"ಎದ್ದಾಗ ಬೆಳಕಾಗಿತ್ತು. ಅಪ್ಪ ಹೋಗಿಬಿಟ್ಟಿದ್ರು. ಕಂಬಳಿ ನನ್ನ ಮೈಮೇಲಿತ್ತು." ಅವನು ಆಚೆ ದಂಡೆಯತ್ತ ಮುಖ ತಿರುಗಿಸಿದ. "ನಿದ್ದೆಯಲ್ಲಿ ನಾನು ಎಳ್ಕೊಂಡುಬಿಟ್ಟಿದ್ದೆ. ಚಳಿ ಅಂದ ಅಪ್ಪನ ಕಂಬಳಿ ಎಳ್ಕೊಂಡು ಬೆಚ್ಚಗೆ ಮಲಗಿದ್ದೆ. ಅವರ ಕಾಲು ಮುಟ್ಟಿದೆ. ಐಸು ಆಗಿತ್ತು. ಅವತ್ತಿಂದ ನಿದ್ದೆ ಬಂತು ಅಂದ್ರೆ ಯಾರೋ ಸಾಯ್ತಾರೆ ಅನ್ಸುತ್ತೆ. ಇದನ್ನ ಯಾರ ಹತ್ರವೂ ಹೇಳಿಲ್ಲ."

ದಂಡೆಯ ಮೇಲೆ ಸಲೋಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಅಯ್ಯನವರು ಏನಾದರೂ ಹೇಳುತ್ತಾರೆ ಅಂತ ಜಯಶೀಲ ಕಾದ. ಕ್ಷಮೆಯ ಮಾತು, ದೇವರ ವಾಕ್ಯ, ಕಡೆಗೆ ಒಂದು ಬೈಗುಳವಾದರೂ ಆದೀತು.

"ಆ ಕಂಬಳಿ," ಅಂದರು ಅಯ್ಯನವರು, "ನಿನ್ನ ಮೈಮೇಲೆ ಹೇಗಿತ್ತು? ಬಿಡಿಸಿಕೊಂಡಿತ್ತಾ, ಮಡಿಸಿತ್ತಾ?"

"ಏನು?"

"ಒಂದು ಪದರವೋ ಎರಡು ಪದರವೋ?"

ಜಯಶೀಲ ಕಕ್ಕಾಬಿಕ್ಕಿಯಾದ. ಹೆತ್ತ ಅಪ್ಪನ ಸಾವು ಹೇಳಿದರೆ ಕಂಬಳಿಯ ಪದರ ಎಣಿಸುವುದೇ? ಆದರೂ ನೆನಪು ಮಾಡಿಕೊಂಡ. ಆ ಬೆಳಗು ಅವನಿಗೆ ಮರೆಯುವಂಥದ್ದಲ್ಲ. "ಎರಡು ಪದರ ಇತ್ತು. ಬೆನ್ನ ಮೇಲಿಂದ ಕತ್ತಿನ ತನಕ ಇತ್ತು."

"ಹೂಂ," ಅಂದರು ಅಯ್ಯನವರು. ಒದ್ದೆ ಕಂಬಳಿಯ ಒಂದು ತುದಿಯನ್ನು ಅವನತ್ತ ನೂಕಿದರು. "ಆ ತುದಿ ಹಿಡಿ, ಹಿಂಡೋಣ."

ಇಬ್ಬರೂ ಹಿಂಡಿದರು. ನೀರು ಧಾರಾಕಾರವಾಗಿ ಸುರಿಯಿತು. ಜಯಶೀಲನ ಕಣ್ಣಿಂದಲೂ ಸುರಿಯಿತು. ದುಃಖವೋ ಸಿಟ್ಟೋ ಅವನಿಗೇ ತಿಳಿಯಲಿಲ್ಲ. ಅಷ್ಟು ದೊಡ್ಡದನ್ನು ಬಿಚ್ಚಿಟ್ಟಿದ್ದಕ್ಕೆ ಸಿಕ್ಕಿದ್ದು ಒದ್ದೆ ಕಂಬಳಿಯ ತುದಿ.

ಅವತ್ತು ತಣ್ಣೀರಲ್ಲಿ ಅಷ್ಟು ಹೊತ್ತು ನಿಂತಿದ್ದು ಮುದುಕರಿಗೆ ಒಗ್ಗಲಿಲ್ಲ. ಭಾನುವಾರ ಗರಿ ಹಿಡಿದು ಮೆರವಣಿಗೆಯಲ್ಲಿ ನಡೆದವರು ಸೋಮವಾರ ಜ್ವರ ಬಂದು ಮಲಗಿದರು. ಮಂಗಳವಾರ ಕೆಮ್ಮು ಎದೆಗಿಳಿಯಿತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಬೆಳಗಿನವರೆಗೆ ನೋಡೋಣ, ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಅಂದರು.

"ರಾತ್ರಿ ಹತ್ತಿರ ಯಾರಿರ್ತಾರೆ?" ಅಂತ ಸಲೋಮಮ್ಮ ಕೇಳಿದರು.

"ಜಯಶೀಲ," ಅಂದರು ಅಯ್ಯನವರು.

"ಅವನು ಬೇಡ, ಅಯ್ಯನವರೇ. ಪಾಪ, ಅವನಿಗೆ..."

"ಅವನೇ."

ಜಯಶೀಲ ಬಂದು ಬಾಗಿಲಲ್ಲಿ ನಿಂತ. ಮಂಚ, ಮಂಚದ ಮೇಲೆ ಮುದುಕರು, ಎದೆ ತನಕ ಕರಿ ಕಂಬಳಿ. ಪಕ್ಕದಲ್ಲಿ ಸ್ಟೂಲು ಬೇರೆ. ಯಾರೋ ಬೇಕೆಂತಲೇ ಇಟ್ಟ ಹಾಗಿತ್ತು.

"ನನ್ನ ಕೈಲಾಗಲ್ಲ, ಅಯ್ಯನವರೇ."

"ಏನಾಗಲ್ಲ? ಕೂರೋಕೂ ಆಗಲ್ವಾ?"

"ನಿಮಗೇನಾದ್ರೂ ಆದ್ರೆ?"

"ಆಗೋದಿದ್ರೆ ಆಗುತ್ತೆ. ನೀನು ಎಚ್ಚರ ಇದ್ದೀಯ ಅಂತ ಸಾವು ವಾಪಸ್ ಹೋಗುತ್ತಾ?"

ಜಯಶೀಲ ಒಳಗೆ ಬಂದು ಸ್ಟೂಲು ಎಳೆದುಕೊಂಡ. ಕೂತ. "ಆಯ್ತು, ರಾತ್ರಿಯಿಡೀ ಕಣ್ಣು ಮುಚ್ಚಲ್ಲ," ಅಂದ.

"ಯಾರು ಹೇಳಿದ್ರು ನಿನಗೆ? ನಿನ್ನ ಪಾಳಿ ಹಲಗೆ ಮೇಲಿದೆ."

"ಇವತ್ತೂನಾ? ಹಾಗಿದ್ರೆ ನನ್ನನ್ನ ಇಲ್ಲಿಗೆ ಯಾಕೆ ಕರೆಸಿದ್ರಿ?"

"ಮಲಗೋಕೆ."

ಜಯಶೀಲನಿಗೆ ಅಳು ಬಂತು, ನಗುವೂ ಬಂತು. ಜ್ವರ ತಲೆಗೇರಿ ಏನೇನೋ ಹೇಳುತ್ತಿದ್ದಾರೆ ಅಂದುಕೊಂಡ. ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟ. ಮುದುಕರ ಹಲ್ಲು ಕಟಕಟ ಅನ್ನುತ್ತಿತ್ತು.

"ಚಳಿ ಕಣೋ," ಅಂದರು ಅಯ್ಯನವರು.

ಜಯಶೀಲ ಥಟ್ಟನೆ ಎದ್ದ. ಕಂಬಳಿಯನ್ನು ಅವರ ಕತ್ತಿನ ತನಕ ಎಳೆದು, ಎರಡೂ ಕಡೆ ಹಾಸಿಗೆಯ ಕೆಳಗೆ ಸಿಕ್ಕಿಸಿದ. ಈ ಸಲ ಜಾರಲು ಬಿಡುವುದಿಲ್ಲ ಅಂತ ಇನ್ನೊಮ್ಮೆ ಒತ್ತಿದ.

ಹತ್ತು ಗಂಟೆಗೆ ಅಯ್ಯನವರು ಕಣ್ಣು ಮುಚ್ಚಿಕೊಂಡೇ ತುಟಿ ಅಲುಗಿಸಿದರು. "ಕರ್ತನೇ, ನನ್ನ ಪಾಳಿ ಮುಗೀತು. ಇನ್ನು ನಿಂದು." ಆಮೇಲೆ ಒಂದು ಕಣ್ಣು ತೆರೆದರು. "ನೀನೂ ಹೇಳು."

"ನನಗೆ ನಂಬಿಕೆ ಬರಲ್ಲ, ಅಯ್ಯನವರೇ."

"ನಂಬು ಅಂತ ಹೇಳಿದ್ನಾ? ಹೇಳು ಅಂದೆ."

ಜಯಶೀಲ ಹೇಳಿದ. ಮಾತು ಬಾಯಲ್ಲಿ ಹಿಟ್ಟಿನ ಹಾಗೆ ಒಣಗಿತ್ತು. ಇನ್ನೊಮ್ಮೆ ಹೇಳಿದ. ಮುದುಕರ ಉಸಿರು ಎಣಿಸುತ್ತಾ ಕೂತ. ಒಂದು, ಎರಡು, ಮೂರು. ಉಸಿರು ತಡವಾದರೆ ಅವನ ಎದೆಯೂ ನಿಲ್ಲುತ್ತಿತ್ತು. ಮತ್ತೆ ಶುರುವಾದರೆ ಮತ್ತೆ ಎಣಿಸುತ್ತಿದ್ದ. ನಡುವೆ ಆ ಮಾತನ್ನೂ ಹೇಳುತ್ತಿದ್ದ, ನನ್ನ ಪಾಳಿ ಮುಗೀತು, ಇನ್ನು ನಿಂದು, ಅಂತ. ಎಷ್ಟು ಸಲ ಹೇಳಿದ, ಎಲ್ಲಿತನಕ ಎಣಿಸಿದ, ಅವನಿಗೆ ಗೊತ್ತಿಲ್ಲ. ಕತ್ತು ನೋಯುತ್ತಿತ್ತು. ಮಂಚದ ಅಂಚಿಗೆ ತಲೆ ಇಟ್ಟ. ಒಂದು ನಿಮಿಷ ಅಂತ ಇಟ್ಟ.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು.

ಎಲ್ಲರನ್ನೂ ಪ್ರಾರ್ಥನೆಗೆ ಏಳಿಸುವ ಐದರ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ಹೊರಗೆ ಯಾರೋ ಬಾವಿ ಸೇದುತ್ತಿದ್ದರು. ಅವನ ಮೈ ಬೆಚ್ಚಗಿತ್ತು.

ಬೆಚ್ಚಗೆ ಯಾಕಿದೆ?

ಭುಜದ ಮೇಲೆ ಕೈ ಆಡಿಸಿದ. ಕಂಬಳಿ. ಬೆನ್ನ ಮೇಲಿಂದ ಕತ್ತಿನ ತನಕ ಕಂಬಳಿ.

ತಲೆ ಎತ್ತಲು ಧೈರ್ಯವಾಗಲಿಲ್ಲ. ಮಂಚದ ಮೇಲೆ ಹೊದಿಕೆಯಿಲ್ಲದ ಎರಡು ಪಾದ ಮಾತ್ರ ಕಾಣುತ್ತಿತ್ತು. ಒಣಗಿದ, ಬಿಳಿಚಿಕೊಂಡ ಪಾದಗಳು ಒಂಚೂರೂ ಅಲುಗಲಿಲ್ಲ. ಅಯ್ಯೋ ದೇವರೇ, ಅಂದ ಜಯಶೀಲ. ಮತ್ತೆ ಮಾಡಿಬಿಟ್ಟೆನಲ್ಲಾ. ಮತ್ತೆ ಅದೇ ತಪ್ಪು ಮಾಡಿಬಿಟ್ಟೆ. ಕೈ ಚಾಚಿ ಆ ಪಾದ ಮುಟ್ಟಿದ.

"ಕಚಗುಳಿ ಇಡಬೇಡ," ಅಂದರು ಅಯ್ಯನವರು.

ಜಯಶೀಲ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತುಬಿಟ್ಟ. ಮುದುಕರು ಗೋಡೆಗೆ ಒರಗಿ ಕೂತಿದ್ದರು. ಮುಖ ಬೆವೆತಿತ್ತು. ಜ್ವರ ಬಿಟ್ಟ ಮುಖ. ಅವನು ಅವರ ಕಾಲು ಹಿಡಿದು ಮಗುವಿನ ಹಾಗೆ ಅತ್ತ. ಅಯ್ಯನವರು ಬೇಡ ಅನ್ನಲಿಲ್ಲ.

ಅತ್ತು ಸಾಕಾದ ಮೇಲೆ ಅಂದ, "ತಪ್ಪಾಯ್ತು, ಅಯ್ಯನವರೇ. ಚಳಿ ಅಂತಿದ್ದೋರು ನೀವು. ನಿಮ್ಮ ಕಂಬಳಿ ಎಳ್ಕೊಂಡುಬಿಟ್ಟೆ."

"ಹಾಸಿಗೆ ಕೆಳಗೆ ಸಿಕ್ಕಿಸಿದ್ದು ಯಾರು?"

"ನಾನೇ."

"ಒಳ್ಳೆ ಬಿಗಿಯಾಗಿ ಸಿಕ್ಕಿಸಿದ್ದೆ. ಬಿಡಿಸೋಷ್ಟರಲ್ಲಿ ನನಗೆ ಸಾಕು ಸಾಕಾಯ್ತು. ಮಡಿಸೋಕೆ ಮೂರು ಸಲ ನಿಂತು ಉಸಿರು ತಗೊಂಡೆ."

ಜಯಶೀಲ ಭುಜದ ಮೇಲಿನ ಕಂಬಳಿಯನ್ನು ನೋಡಿದ. ಅಂಚು ಬೆರಳಲ್ಲಿ ಹಿಡಿದು ನೋಡಿದ. ಎರಡು ಪದರವಿತ್ತು, ಅಪ್ಪ ಹೋದ ಬೆಳಗ್ಗೆ ಇದ್ದ ಹಾಗೆಯೇ.

"ನೀವಾ ಹೊದಿಸಿದ್ದು?" ಅಂದ. "ಅಂಥ ಜ್ವರದಲ್ಲಿ ನೀವು ನಡುಗ್ತಾ ಇದ್ರಿ. ನಾನು ಗಟ್ಟಿಮುಟ್ಟಾಗಿದ್ದೀನಿ. ನನಗ್ಯಾಕೆ ಹೊದಿಸಿದ್ರಿ?"

ಅಯ್ಯನವರು ಅವನ ತಲೆಯ ಮೇಲೆ ಕೈ ಇಟ್ಟರು.

"ಅದನ್ನ ನಿಮ್ಮಪ್ಪನ್ನ ಕೇಳು, ಮಗ. ಮೊದಲು ಹೊದಿಸಿದ್ದು ಅವರು."